ಹಿಂದಿರುಗಿಸದ ಕ್ಯಾಸೆಟ್ಟು



ಈ ಸಲದ ಬರಹದ ವಿಷಯವನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ಬಂಧುಗಳು ‘ಈ ವಯಸ್ಸಿನಲ್ಲಿ ಇವನಿಗೇನಾಯಿತು’ ಎಂದು ಕೇಳಿಯಾರು. ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ ಬೋಧಿಸುತ್ತ ಮೂರು ದಶಕಗಳಿಗೂ ಮೀರಿ ಸೀಮೆಸುಣ್ಣ ಹಿಡಿದವನು, ಮೈಸೂರು ಅನಂತಸ್ವಾಮಿ ಹಾಗೂ ಸಿ. ಅಶ್ವಥ್ ಅವರ ಭಾವಗೀತೆಗಳನ್ನು ಬಿಟ್ಟರೆ ಬೇರೆ ಕ್ಯಾಸೆಟ್ಟು ಮನೆಗೆ ತರದವನು, ಈಗ ಸ್ವೀಡನ್ ದೇಶದ ಕುಣಿತದ ಹಾಡುಗಳ ಕುರಿತು ಬರೆಯಹೊರಟಿದ್ದೇನೆ. ಕಾರಣವಿದೆ. ಇದು ಅರ್ಧ ಸಂಗೀತದ ಮಾತು; ಉಳಿದರ್ಧ ಬಹುಕಾಲದಿಂದ ತೀರಿಸದೆ ಉಳಿದ ಒಂದು ಸಾಲದ ಮಾತು.

1995ರ ಜನವರಿ ಕೊನೆಯ ವಾರವಿರಬೇಕು. ಆಗ ನಾನೊಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿದ್ದೆ. ಹತ್ತನೆಯ ತರಗತಿಯವರಿಗೆ ಪರೀಕ್ಷೆ ಹತ್ತಿರವಾಗಿತ್ತು. ನಾನು ಕಪ್ಪುಹಲಗೆಯ ಮೇಲೆ ವಾಕ್ಯ ಪರಿವರ್ತನೆಯ ನಿಯಮಗಳನ್ನು ಬರೆಯುತ್ತಿರುವಾಗ ಹಿಂದಿನ ಬೆಂಚಿನಲ್ಲಿ ಪಿಸುಮಾತು ಕೇಳಿಸಿತು. ಹೋಗಿ ನೋಡಿದರೆ ಹುಡುಗನೊಬ್ಬ ತನ್ನ ಗೆಳೆಯನಿಗೆ ಕ್ಯಾಸೆಟ್ಟೊಂದನ್ನು ತೋರಿಸುತ್ತಿದ್ದ. ಮೇಲೆ ‘ಏಸ್ ಆಫ್ ಬೇಸ್’ ಎಂಬ ಹೆಸರು. ನಾನು ಮರುಮಾತಿಲ್ಲದೆ ಕಿತ್ತುಕೊಂಡೆ. “ಸಾರ್, ಅದು ನಮ್ಮಕ್ಕಂದು ಸಾರ್. ಅವಳಿಗೆ ವಾಪಸ್ ಕೊಡಬೇಕು” ಎಂದ. “ಪರೀಕ್ಷೆ ಮುಗಿದ ಮೇಲೆ ಬಾ, ನೋಡೋಣ” ಎಂದೆ. ಅಕ್ಕನ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಿದ್ದಾನೆ ಎಂಬುದೇ ನನ್ನ ತೀರ್ಮಾನವಾಗಿತ್ತು. ಅಂಥ ತೀರ್ಮಾನಗಳನ್ನು ಕ್ಷಣಮಾತ್ರದಲ್ಲಿ ಕೈಗೊಳ್ಳುವುದನ್ನೇ ನಾನು ಆಗ ಶಿಸ್ತು ಎಂದು ತಿಳಿದಿದ್ದೆ.

ಎರಡು ವಾರಗಳ ಬಳಿಕ ಅದೇ ಹುಡುಗ ಸಿಬ್ಬಂದಿ ಕೊಠಡಿಗೆ ಬಂದು ಎಲ್ಲ ಶಿಕ್ಷಕರಿಗೂ ಲಗ್ನಪತ್ರಿಕೆ ಹಂಚಿದ. ಮೂಲೆಗೆ ಅರಿಶಿನ ಹಚ್ಚಿದ್ದ ಪತ್ರಿಕೆ, ಅಕ್ಕನ ಮದುವೆ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್‌ಸಿ. ಓದುತ್ತಿದ್ದ ಹುಡುಗಿ; ಮದುವೆಯಾಗಿ ದೂರದ ಊರಿಗೆ ಹೋಗುವವಳು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನನ್ನ ಮೇಜಿನ ಮುಂದೆಯೂ ನಿಂತು, ಎರಡೂ ಕೈಯಿಂದ ಪತ್ರಿಕೆ ಕೊಟ್ಟು, “ತಪ್ಪದೆ ಬರಬೇಕು ಸಾರ್” ಎಂದ. ಕ್ಯಾಸೆಟ್ಟಿನ ಸುದ್ದಿಯನ್ನೇ ಎತ್ತಲಿಲ್ಲ. ಅದು ಅದೇ ಮೇಜಿನ ಖಾನೆಯಲ್ಲಿ, ನನ್ನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿತ್ತು. ಹುಡುಗ ಹೇಳಿದ್ದು ನಿಜವೆಂದು ಆ ಕ್ಷಣವೇ ನನಗೆ ಗೊತ್ತಾಯಿತು. ಖಾನೆ ಎಳೆದು ಕೊಟ್ಟುಬಿಡಬಹುದಿತ್ತು, ಕೊಡಲಿಲ್ಲ. ಮೇಷ್ಟ್ರಾದವನು ಆಡಿದ ಮಾತನ್ನು ಹಿಂದೆಗೆದುಕೊಳ್ಳಬಾರದು ಎಂಬ ಹುಂಬತನ. ಮದುವೆಗೆ ಹೋದೆ, ಊಟ ಮಾಡಿದೆ, 51 ರೂಪಾಯಿ ಮುಯ್ಯಿ ಓದಿಸಿ ಬಂದೆ. ಪರೀಕ್ಷೆಯ ನಂತರ ಹುಡುಗ ಬರಲಿಲ್ಲ. ಜೂನ್ ತಿಂಗಳಲ್ಲಿ ನನಗೆ ವರ್ಗವಾಯಿತು. ಖಾನೆಯಲ್ಲಿದ್ದುದೆಲ್ಲ ಟ್ರಂಕಿಗೆ ಸೇರಿತು.

ಕಳೆದ ವರ್ಷ ಆಯುಧಪೂಜೆಯ ಹಿಂದಿನ ದಿನ ಮಗಳು ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಕೊಡವುತ್ತಿದ್ದಾಗ ಆ ಕ್ಯಾಸೆಟ್ಟು ಹೊರಬಂತು. “ಅಪ್ಪಾ, ಇದು ನಿನ್ನದಾ?” ಎಂದು ನಗತೊಡಗಿದಳು. ನಾನು ಉತ್ತರಿಸುವ ಮೊದಲೇ ಡಬ್ಬಿ ತೆರೆದು ಒಳಗಿನ ಕಾಗದವನ್ನು ಬಿಡಿಸಿದಳು. ಅದರ ಮೇಲೆ ಹಸಿರು ಶಾಯಿಯಲ್ಲಿ, ದುಂಡಾದ ಕನ್ನಡ ಅಕ್ಷರಗಳಲ್ಲಿ ಒಂದು ಹೆಣ್ಣುಮಗಳ ಹೆಸರಿತ್ತು. ಲಗ್ನಪತ್ರಿಕೆಯಲ್ಲಿದ್ದ ಹೆಸರು. ಆ ದಿನ ತರಗತಿಯಲ್ಲಿಯೇ ನಾನು ಡಬ್ಬಿ ತೆರೆದು ನೋಡಿದ್ದರೆ ಸಾಕಿತ್ತು.

ಟೇಪಿಗೆ ಬೂಷ್ಟು ಹಿಡಿದಿದೆ. ನುಡಿಸುವ ಯಂತ್ರವೂ ಮನೆಯಲ್ಲಿಲ್ಲ. ಮಗಳು ತನ್ನ ಫೋನಿನಲ್ಲಿ ಆ ತಂಡದ ‘ಗ್ರೇಟೆಸ್ಟ್ ಹಿಟ್ಸ್’ ಹುಡುಕಿ ಹಾಕಿದಳು. ಮುಟ್ಟುಗೋಲು ಹಾಕಿಕೊಂಡ ವಸ್ತುವಿನಲ್ಲಿ ಏನಿತ್ತೆಂಬುದನ್ನು ನಾನು ಮೊದಲ ಬಾರಿಗೆ ಕೇಳಿದೆ. ಅಂದಿನಿಂದ ಬಹುತೇಕ ಪ್ರತಿ ಸಂಜೆಯ ನಡಿಗೆಯಲ್ಲಿಯೂ ಕೇಳುತ್ತಿದ್ದೇನೆ. ಯಾಕೆ ಹಿಡಿಸಿತು ಎಂಬುದನ್ನು ಪಾಠದಂತೆಯೇ ಕ್ರಮವಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ಅವರ ವೃತ್ತಾಂತ. ಸ್ವೀಡನ್ನಿನ ಪಶ್ಚಿಮ ಕರಾವಳಿಯ ಬಂದರು ನಗರ ಗೋಥೆನ್‌ಬರ್ಗ್ ಅವರ ಊರು. ಯೋನಾಸ್ ಬೆರ್ಗ್ರೆನ್, ಅವನ ತಂಗಿಯರಾದ ಲಿನ್ ಮತ್ತು ಜೆನ್ನಿ, ಇವರ ಗೆಳೆಯ ಉಲ್ಫ್ ಎಕ್‌ಬರ್ಗ್ ಎಂಬ ನಾಲ್ವರ ತಂಡ. ಅಕ್ಕತಂಗಿಯರಿಬ್ಬರೂ ಚರ್ಚಿನ ಗಾಯನವೃಂದದಲ್ಲಿ ಹಾಡಿ ಬೆಳೆದವರು. ಲಿನ್ ಶಿಕ್ಷಕಿಯಾಗಲು ಓದುತ್ತಿದ್ದವಳು ಎಂದು ತಿಳಿದಾಗ ನನಗೆ ಸಹಜವಾಗಿಯೇ ಸ್ವಲ್ಪ ಹೆಚ್ಚು ಆತ್ಮೀಯತೆ ಮೂಡಿತು. ಅವರು ಅಭ್ಯಾಸ ಮಾಡುತ್ತಿದ್ದುದು ಮೋಟಾರು ರಿಪೇರಿ ಅಂಗಡಿಯೊಂದರ ನೆಲಮಾಳಿಗೆಯಲ್ಲಿ. ಆ ನೆಲಮಾಳಿಗೆಯ ಎಕ್ಕಗಳು ತಾವು ಎಂಬ ಶ್ಲೇಷೆಯೇ ತಂಡದ ಹೆಸರಾಯಿತು.

ಮುಂದಿನ ಘಟನೆ ನನ್ನನ್ನು ಬಹುವಾಗಿ ಸೆಳೆಯಿತು. ತಮ್ಮ ಹಾಡೊಂದರ ಕರಡನ್ನು ಅವರು ಕ್ಯಾಸೆಟ್ಟಿನಲ್ಲಿ ತುಂಬಿ ಸ್ಟಾಕ್‌ಹೋಮಿನ ಡೆನ್ನಿಜ್ ಪಾಪ್ ಎಂಬ ನಿರ್ಮಾಪಕನಿಗೆ ಕಳುಹಿಸಿದರು. ದಾಗ್ ವೊಲೆ ಎಂಬುದು ಅವನ ನಿಜನಾಮಧೇಯ. ಅವನು ವಾದ್ಯ ಕಲಿತವನಲ್ಲ. ನೃತ್ಯಶಾಲೆಗಳಲ್ಲಿ ತಟ್ಟೆ ತಿರುಗಿಸುತ್ತ, ಯಾವ ಹಾಡಿಗೆ ಜನ ಎದ್ದು ಬರುತ್ತಾರೆ, ಯಾವುದಕ್ಕೆ ಹೋಗಿ ಕೂರುತ್ತಾರೆ ಎಂಬುದನ್ನು ಗಮನಿಸಿ ಕಲಿತವನು. ಆ ಕರಡು ಅವನಿಗೆ ಹಿಡಿಸಲಿಲ್ಲ. ಆದರೆ ಕ್ಯಾಸೆಟ್ಟು ಅವನ ಕಾರಿನ ಟೇಪ್ ರೆಕಾರ್ಡರಿನಲ್ಲಿ ಸಿಕ್ಕಿಕೊಂಡು ಹೊರಬರಲೊಲ್ಲದಾಯಿತು. ಹೋಗುವಾಗ ಬರುವಾಗ ಅದನ್ನೇ ಕೇಳುವುದು ಅನಿವಾರ್ಯವಾಯಿತು. ಕೇಳುತ್ತ ಕೇಳುತ್ತ ಅದರ ಸತ್ವ ಅವನಿಗೆ ತಿಳಿಯಿತು. ಅವನ ಕೈಯಲ್ಲಿ ಪಳಗಿ 1992ರಲ್ಲಿ ಹೊರಬಂದ ಆ ಹಾಡೇ ‘ಆಲ್ ದಟ್ ಶೀ ವಾಂಟ್ಸ್’. ಸ್ವದೇಶದ ಕಂಪನಿಗಳು ಬೇಡವೆಂದಿದ್ದವರನ್ನು ನೆರೆಯ ಡೆನ್ಮಾರ್ಕಿನ ಮೆಗಾ ರೆಕಾರ್ಡ್ಸ್ ಎಂಬ ಸಂಸ್ಥೆ ಕೈಹಿಡಿದಿತ್ತು. 1993ರಲ್ಲಿ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಅವನ ಕಾರಿನಲ್ಲಿ ಸಿಕ್ಕಿಕೊಂಡ ಕ್ಯಾಸೆಟ್ಟು ಲೋಕಕ್ಕೆಲ್ಲ ಕೇಳಿಸಿತು. ನನ್ನ ಮೇಜಿನ ಖಾನೆಯಲ್ಲಿ ಸಿಕ್ಕಿಕೊಂಡದ್ದು ಯಾರಿಗೂ ಕೇಳಿಸಲಿಲ್ಲ. ಬಲವಂತದಿಂದಾದರೂ ಅವನು ಕೇಳಿದ. ನಾನು ಕೇಳಲೇ ಇಲ್ಲ. ವ್ಯತ್ಯಾಸ ಅಷ್ಟೇ.

ಆಮೇಲೆ ಅಮೆರಿಕದ ಸರದಿ. ಅರಿಸ್ಟಾ ಸಂಸ್ಥೆಯ ಕ್ಲೈವ್ ಡೇವಿಸ್ ಅವರನ್ನು ಅಲ್ಲಿಗೆ ಪರಿಚಯಿಸಿದರು. ‘ದ ಸೈನ್’ ಎಂಬ ಹಾಡು 1994ರಲ್ಲಿ ಅಲ್ಲಿನ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು ಆರು ವಾರ ಅಗ್ರಸ್ಥಾನದಲ್ಲಿದ್ದು, ಆ ವರ್ಷದ ಒಟ್ಟಾರೆ ಪಟ್ಟಿಯಲ್ಲಿಯೂ ಮೊದಲನೆಯದಾಯಿತು. ಅದೇ ಹೆಸರಿನ ಆಲ್ಬಂ ಅಮೆರಿಕವೊಂದರಲ್ಲಿಯೇ 90 ಲಕ್ಷ ಪ್ರತಿಗಳ ಪ್ರಮಾಣಪತ್ರ ಪಡೆಯಿತು. 1974ರಲ್ಲಿ ಯೂರೋವಿಷನ್ ಸ್ಪರ್ಧೆ ಗೆದ್ದು ಜಗದ್ವಿಖ್ಯಾತವಾದ ‘ಅಬ್ಬಾ’ ತಂಡವೂ ಇದೇ ದೇಶದ್ದು. ಆಗಿನ್ನೂ ಒಂದು ಕೋಟಿ ಜನರೂ ಇರದಿದ್ದ ನಾಡಿಗೆ ಇದು ಹೇಗೆ ಸಾಧ್ಯವಾಯಿತು? ಶಿಕ್ಷಕನಾದ ನನಗೆ ಪ್ರಿಯವಾದ ಉತ್ತರವೊಂದಿದೆ. ಅಲ್ಲಿನ ಸ್ಥಳೀಯ ಆಡಳಿತಗಳು 1940ರ ದಶಕದಿಂದೀಚೆಗೆ ಸಂಗೀತ ಶಾಲೆಗಳನ್ನು ನಡೆಸುತ್ತ ಬಂದಿವೆ. ಸಾಮಾನ್ಯರ ಮಕ್ಕಳೂ ಅಲ್ಪ ಶುಲ್ಕದಲ್ಲಿ ವಾದ್ಯ ಕಲಿಯಬಹುದು. ಡೆನ್ನಿಜ್ ಪಾಪ್‌ನ ಶಿಷ್ಯನಾಗಿ, ಈ ತಂಡದ ಎರಡನೆಯ ಆಲ್ಬಮ್ಮಿನಲ್ಲಿ ದುಡಿದು, ಮುಂದೆ ಅಮೆರಿಕದ ಜನಪ್ರಿಯ ಸಂಗೀತವನ್ನೇ ಆಳಿದ ಮ್ಯಾಕ್ಸ್ ಮಾರ್ಟಿನ್ ತನ್ನ ಏಳಿಗೆಗೆ ಸಾರ್ವಜನಿಕ ಸಂಗೀತ ಶಿಕ್ಷಣವೇ ಕಾರಣವೆಂದು ಸ್ಮರಿಸಿದ್ದಾನೆ.

ಇನ್ನು ಹಾಡುಗಳು. ಮೊದಲ ಬಾರಿ ಕೇಳುವವರಿಗೆ ಇವು ಹಗುರ ಎನಿಸುತ್ತವೆ. ಯಂತ್ರದ ತಾಳ, ಬಿದಿರಿನ ಕೊಳಲನ್ನು ಅನುಕರಿಸುವ ಕೀಬೋರ್ಡಿನ ನಾದ, ಸುಲಭವಾದ ಪಲ್ಲವಿ. ಆದರೆ ಒಂದೆರಡು ದಿನ ಕೇಳಿದ ಮೇಲೆ ನನಗೊಂದು ವಿಚಿತ್ರ ಕಾಣಿಸಿತು: ಕಾಲು ಕುಣಿಯುತ್ತದೆ, ಮನಸ್ಸು ಮಾತ್ರ ಕುಣಿಯುವುದಿಲ್ಲ. ಅಲ್ಪಸ್ವಲ್ಪ ಕರ್ನಾಟಕ ಸಂಗೀತ ಅಭ್ಯಾಸ ಮಾಡಿರುವ ನನ್ನ ಮಡದಿ ಇದರ ಮರ್ಮವನ್ನು ಬಿಡಿಸಿದಳು. ಪಾಶ್ಚಾತ್ಯರು ಮೈನರ್ ಎನ್ನುವ ಸ್ವರಶ್ರೇಣಿಯ ಸರಳ ರೂಪದಲ್ಲಿರುವುದು ನಮ್ಮ ನಟಭೈರವಿಯ ಸ್ವರಗಳೇ. ಮೇಜರ್ ಎಂಬುದರಲ್ಲಿರುವುದು ಶಂಕರಾಭರಣದ ಸ್ವರಗಳು. ‘ಆಲ್ ದಟ್ ಶೀ ವಾಂಟ್ಸ್’ ಹಾಡಿನ ಪಲ್ಲವಿಯಲ್ಲಿ ಆ ಮೈನರಿನ ವಿಷಾದವಿದೆ. ‘ದ ಸೈನ್’ ಹಾಡಿನ ಚರಣಗಳು ಮೈನರಿನಲ್ಲಿವೆ, ಪಲ್ಲವಿ ಮೇಜರಿಗೆ ತೆರೆದುಕೊಳ್ಳುತ್ತದೆ. ಷಡ್ಜ ಅದೇ, ಗಾಂಧಾರ ಬೇರೆ. ಕತ್ತಲೆಯ ಕೋಣೆಯಲ್ಲಿ ಕಿಟಕಿ ತೆರೆದಂತೆ. ಹಾಡಿನ ವಿಷಯವೂ ಅದೇ: ಕಹಿಯಾದ ಸಂಬಂಧವೊಂದರಿಂದ ಹೊರಬಂದವಳೊಬ್ಬಳು ತನ್ನ ದಾರಿ ಯಾವುದೆಂದು ಸ್ಪಷ್ಟವಾಗಿ ಕಾಣುವುದು. ಮಾತು ಹೇಳುವುದನ್ನೇ ಸ್ವರವೂ ಹೇಳುತ್ತಿದೆ. ಇದನ್ನು ಹಗುರವೆಂದು ಕರೆಯಲು ನನಗೆ ಈಗ ಧೈರ್ಯವಿಲ್ಲ.

ತಾಳದ ಮಾತು. ಆ ಕಾಲದ ಬಹಳಷ್ಟು ನೃತ್ಯಗೀತೆಗಳು ನಿಮಿಷಕ್ಕೆ 120 ಬಡಿತವನ್ನು ಮೀರಿ ಓಡುತ್ತಿದ್ದರೆ ‘ದ ಸೈನ್’ ಹಾಡಿನ ನಡೆ ಸುಮಾರು 97. ನನ್ನ ಮೊಣಕಾಲಿಗೆ ಹೇಳಿ ಮಾಡಿಸಿದ ವೇಗ! ಇವರು ಜಮೈಕಾ ದ್ವೀಪದ ರೆಗೆ ಶೈಲಿಯಿಂದ ಎರವಲು ತಂದದ್ದು ಒಂದು ಗುಣವನ್ನು: ತಾಳದ ಪೆಟ್ಟಿನ ಮೇಲಲ್ಲ, ಪೆಟ್ಟು ಪೆಟ್ಟುಗಳ ನಡುವಿನ ಜಾಗದಲ್ಲಿ ವಾದ್ಯ ನುಡಿಯುವುದು. ಅದರಿಂದ ಹಾಡಿಗೊಂದು ಓಲಾಟ ಬರುತ್ತದೆ. ಕೇಳುವಾಗ ನನಗೆ ನೆನಪಾದದ್ದು ನಮ್ಮ ಅಜ್ಜಿಯ ಬೀಸುವ ಕಲ್ಲು. ಬೆಳಗಿನ ಜಾವ ರಾಗಿ ಬೀಸುತ್ತ ಅವಳು ಹಾಡುತ್ತಿದ್ದ ಪದಗಳಲ್ಲಿ ಇದ್ದುದೆಲ್ಲ ತವರಿನ ಹಂಬಲ, ಕಳೆದುಕೊಂಡವರ ನೆನಪು. ಆದರೆ ಕಲ್ಲು ನಿಲ್ಲುತ್ತಿರಲಿಲ್ಲ. ಅದರ ಸುತ್ತು ದುಃಖವನ್ನು ಒಂದು ಹದಕ್ಕೆ ತರುತ್ತಿತ್ತು. ಕೂತು ಅತ್ತರೆ ಆಗದ ಕೆಲಸ ಬೀಸುತ್ತ ಹಾಡಿದರೆ ಆಗುತ್ತಿತ್ತು. ಈ ಸ್ವೀಡಿಷರ ಯಂತ್ರದ ತಾಳವೂ ಅಂಥದೊಂದು ಬೀಸುವ ಕಲ್ಲೆಂದು ನನಗೆ ತೋರುತ್ತದೆ. ಇವರ ಹಾಡುಗಳ ಆಕರ್ಷಣೆಯ ಗುಟ್ಟು, ನನ್ನ ಅಲ್ಪಮತಿಗೆ ತಿಳಿದಂತೆ, ಇದೇ.

ಭಾಷೆಯ ವಿಷಯದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಾನು ಮೊದಲು ಕೆಂಪು ಶಾಯಿಯನ್ನೇ ಹುಡುಕಿದೆನೆಂದು ಒಪ್ಪಿಕೊಳ್ಳುತ್ತೇನೆ. ಕೆಲವು ಹಾಡುಗಳಲ್ಲಿ ವಾಕ್ಯಗಳು ತಡವರಿಸುತ್ತವೆ. ಅವರೂ ನಮ್ಮಂತೆಯೇ ಶಾಲೆಯಲ್ಲಿ ಇಂಗ್ಲಿಷ್ ಕಲಿತವರು. ಆದರೆ ಕಲಿತ ಭಾಷೆಯಲ್ಲಿ ಬರೆಯುವವನು ತನಗೆ ಖಚಿತವಿರುವ ಚಿಕ್ಕ ಪದಗಳನ್ನೇ ನೆಚ್ಚುತ್ತಾನೆ. ಹಾಗಾಗಿ ಆ ಹಾಡುಗಳು ಇಂಗ್ಲಿಷ್ ಮಾತೃಭಾಷೆಯಲ್ಲದ ಎಲ್ಲ ನಾಡುಗಳಿಗೂ ಸುಲಭವಾಗಿ ತಲುಪಿದವು. ಕೆಲವೊಮ್ಮೆ ತಪ್ಪಾಗಿಯೂ ತಲುಪಿದವು! ‘ಆಲ್ ದಟ್ ಶೀ ವಾಂಟ್ಸ್’ ಹಾಡಿನಲ್ಲಿ ಬರುವ ‘ಬೇಬಿ’ ಎಂಬ ಮಾತನ್ನು ಮಗು ಎಂದೇ ತಿಳಿದು, ಮತ್ತೊಂದು ಸಂತಾನ ಬಯಸುವ ತಾಯಿಯ ಹಾಡು ಇದು ಎಂದುಕೊಂಡವರು ಬಹಳ. ನಾನೂ ಒಂದು ವಾರ ಹಾಗೆಯೇ ತಿಳಿದಿದ್ದೆ. ಅದು ಪ್ರಿಯಕರನನ್ನು ಕರೆಯುವ ಮಾತು. ಹಾಡು ಒಬ್ಬರ ನಂತರ ಒಬ್ಬರನ್ನು ಹುಡುಕುವ ಒಂಟಿ ಹೆಣ್ಣಿನದು ಎಂದು ಮಗಳೇ ತಿದ್ದಿದಳು. ತಿದ್ದಿಸಿಕೊಳ್ಳುವ ಸುಖ ನಿವೃತ್ತಿಯ ನಂತರವೇ ಸಿಗುವುದು.

‘ಗ್ರೇಟೆಸ್ಟ್ ಹಿಟ್ಸ್’ ಎಂಬ ಪ್ರಕಾರದ ಬಗ್ಗೆಯೂ ಒಂದು ಮಾತು. ಸಾಹಿತ್ಯದಲ್ಲಿ ನಾವು ‘ಆಯ್ದ ಕವಿತೆಗಳು’ ಎನ್ನುತ್ತೇವಲ್ಲ, ಅಂಥದು. ಈ ತಂಡದ ಆಯ್ಕೆಯೊಂದು 1999ರಲ್ಲಿ ಯುರೋಪಿನಲ್ಲಿ ‘ಸಿಂಗಲ್ಸ್ ಆಫ್ ದ ನೈನ್ಟೀಸ್’ ಎಂಬ ಹೆಸರಿನಲ್ಲಿ, ಮತ್ತೊಂದು 2000ದಲ್ಲಿ ಅಮೆರಿಕದಲ್ಲಿ ‘ಗ್ರೇಟೆಸ್ಟ್ ಹಿಟ್ಸ್’ ಎಂದೇ ಹೊರಬಂದವು. ಪಂಡಿತರಿಗೆ ಇಂಥ ಸಂಕಲನಗಳ ಮೇಲೆ ಅಷ್ಟು ಗೌರವವಿಲ್ಲ. ನನಗೋ, ಪಠ್ಯಪುಸ್ತಕ ಬೋಧಿಸಿದವನಿಗೆ, ಆಯ್ಕೆ ಎಂದರೆ ಪ್ರೀತಿ. ಆದರೆ ಪಠ್ಯಪುಸ್ತಕದಂತೆಯೇ ಇಲ್ಲಿಯೂ ಕಾಲಾನುಕ್ರಮ ಇರುವುದಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಹಾಡುಗಳನ್ನು ವರ್ಷವಾರು ಬರೆದುಕೊಂಡು, ಅದೇ ಕ್ರಮದಲ್ಲಿ ಕೇಳಿದೆ: 1992ರ ‘ವೀಲ್ ಆಫ್ ಫಾರ್ಚೂನ್’, 1993ರ ‘ದ ಸೈನ್’, 1995ರ ‘ಬ್ಯೂಟಿಫುಲ್ ಲೈಫ್’, 1998ರ ‘ಲೈಫ್ ಈಸ್ ಎ ಫ್ಲವರ್’ ಮತ್ತು ‘ಕ್ರೂಯೆಲ್ ಸಮ್ಮರ್’. ಆಗ ಆಯ್ಕೆಯಲ್ಲಿ ಅಡಗಿದ್ದ ಕಥೆಯೊಂದು ಕೇಳಿಸಿತು. ಮೊದಲ ಹಾಡುಗಳಲ್ಲಿ ಮುಂದೆ ನಿಲ್ಲುವುದು ಲಿನ್‌ಳ ದನಿ. ತಣ್ಣನೆಯ, ಭಾವವನ್ನು ಬಚ್ಚಿಟ್ಟುಕೊಂಡಂತಿರುವ ದನಿ. ವರ್ಷಗಳು ಕಳೆದಂತೆ ಅದು ಹಿಂದೆ ಸರಿಯುತ್ತದೆ. ಜೆನ್ನಿಯ ದನಿ ಮುಂದೆ ಬರುತ್ತದೆ.

ಹೊರಗಿನ ಬದುಕಿನಲ್ಲಿಯೂ ನಡೆದದ್ದು ಅದೇ. 1994ರಲ್ಲಿ, ಕೀರ್ತಿಯ ಶಿಖರದಲ್ಲಿರುವಾಗ, ಗೀಳು ಹಿಡಿದ ಅಭಿಮಾನಿಯೊಬ್ಬಳು ಚಾಕು ಹಿಡಿದು ಬೆರ್ಗ್ರೆನ್ ಕುಟುಂಬದ ಮನೆಗೆ ನುಗ್ಗಿದಳು. ಅವರ ತಾಯಿಗೆ ಗಾಯವಾಯಿತು. 1998ರ ‘ಫ್ಲವರ್ಸ್’ ಆಲ್ಬಮ್ಮಿನ ಮುಖಪುಟದಲ್ಲಿ ಲಿನ್‌ಳ ಮುಖ ಮಸುಕಾಗಿದೆ. ಡೆನ್ನಿಜ್ ಪಾಪ್ ಅದೇ ವರ್ಷ 35ರ ಹರೆಯದಲ್ಲಿ ಹೊಟ್ಟೆಯ ಕ್ಯಾನ್ಸರಿಗೆ ಬಲಿಯಾದ. ಕೆಲವು ವರ್ಷಗಳಲ್ಲಿ ಲಿನ್ ತಂಡವನ್ನೂ ಬೆಳಕನ್ನೂ ಬಿಟ್ಟು ಖಾಸಗಿ ಬದುಕಿಗೆ ಮರಳಿದಳು. ಲೋಕವೆಲ್ಲ ಕುಣಿಯುತ್ತಿದ್ದ ಹಾಡುಗಳನ್ನು ಹಾಡಿದವಳಿಗೆ ಲೋಕದ ಮುಂದೆ ನಿಲ್ಲುವುದು ಬೇಡವಾಗಿತ್ತು. ಅವಳ ದನಿಯಲ್ಲಿದ್ದ ಆ ಸಂಕೋಚವನ್ನು ಈಗ ಕೇಳಿದರೆ ಮೊದಲ ಹಾಡಿನಿಂದಲೇ ಗುರುತಿಸಬಹುದು.

ಈ ಸಂಕಲನದಲ್ಲಿ ನಾನು ಹೆಚ್ಚಾಗಿ ಕೇಳುವುದು ‘ಡೋಂಟ್ ಟರ್ನ್ ಅರೌಂಡ್’. ಇದು ಅವರ ಸ್ವಂತ ರಚನೆಯಲ್ಲ. ಆಲ್ಬರ್ಟ್ ಹ್ಯಾಮಂಡ್ ಮತ್ತು ಡಯಾನ್ ವಾರೆನ್ ಬರೆದದ್ದು, 1988ರಲ್ಲಿ ಅಸ್ವಾದ್ ಎಂಬ ಬ್ರಿಟಿಷ್ ರೆಗೆ ತಂಡ ಹಾಡಿ ಗೆದ್ದದ್ದು. ಹೊರಟು ನಿಂತವರನ್ನು ತಡೆಯದೆ, ತನ್ನ ಮುಖವನ್ನು ಅವರು ನೋಡದಿರಲಿ ಎಂದು ಬಯಸುವವರ ಹಾಡು ಇದು. ಇದನ್ನು ಕೇಳುವಾಗಲೆಲ್ಲ ನನಗೆ ಆ ಮದುವೆಮನೆಯ ಸಂಜೆ ನೆನಪಾಗುತ್ತದೆ. ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿದು ಕಾರು ಹೊರಡುವಾಗ, ಅಲ್ಲಿದ್ದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಹುಡುಗ ಮಾತ್ರ ಚಪ್ಪರದ ಕಂಬ ಹಿಡಿದು, ರಸ್ತೆಗೆ ಬೆನ್ನು ಹಾಕಿ ನಿಂತಿದ್ದ. ಎಷ್ಟು ಕಲ್ಲು ಮನಸ್ಸು ಎಂದು ನಾನು ಅಂದುಕೊಂಡೆ. ಮತ್ತೊಂದು ತ್ವರಿತ ತೀರ್ಮಾನ! ತನ್ನ ಹಾಸ್ಟೆಲಿನ ದಿನಗಳಿಂದ ಅವಳು ತಂದಿದ್ದ ಒಂದು ವಸ್ತು ಅವಳೊಂದಿಗೆ ಆ ಕಾರಿನಲ್ಲಿ ಹೋಗಬೇಕಿತ್ತು. ಅದು ಹೋಗದಂತೆ ನೋಡಿಕೊಂಡವನು ನಾನು, ಹೊಟ್ಟೆ ತುಂಬ ಹೋಳಿಗೆ ಉಂಡು ಅಲ್ಲಿಯೇ ನಿಂತಿದ್ದೆ.

ನನ್ನ ಸೇವಾವಧಿಯಲ್ಲಿ ಮಕ್ಕಳಿಂದ ಕಿತ್ತುಕೊಂಡ ವಸ್ತುಗಳು ಬಹಳ: ಬುಗುರಿ, ಕ್ರಿಕೆಟ್ ಆಟಗಾರರ ಚಿತ್ರಗಳು, ಪತ್ತೇದಾರಿ ಕಾದಂಬರಿಗಳು. ಅವುಗಳಲ್ಲಿ ಹೆಚ್ಚಿನವನ್ನು ಹಿಂದಿರುಗಿಸಿದ್ದೇನೆ. ಶಿಸ್ತು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಪಾಠದ ನಡುವೆ ಕ್ಯಾಸೆಟ್ಟು ನೋಡಬಾರದು. ಆದರೆ ಕಿತ್ತುಕೊಂಡ ಮೇಲೆ ‘ಇದರಲ್ಲಿ ಏನಿದೆಯೋ?’ ಎಂದು ಒಂದು ಮಾತು ಕೇಳಬೇಕಿತ್ತು. ಹದಿನಾರರ ಹುಡುಗನೊಬ್ಬ ಏನನ್ನಾದರೂ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾನೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಬಿ.ಎಡ್. ತರಗತಿಯಲ್ಲಿ ಮಕ್ಕಳ ಮನೋವಿಜ್ಞಾನವನ್ನು ಓದಿ ಒಳ್ಳೆಯ ಅಂಕ ಪಡೆದಿದ್ದೆ. ಆ ಒಂದು ಪಾಠವನ್ನು ಕಲಿಯಲು ಇಷ್ಟು ವರ್ಷ ಬೇಕಾಯಿತು.

ಈ ತಂಡದ 1996ರ ಹಾಡೊಂದರ ಹೆಸರು ‘ನೆವರ್ ಗಾನಾ ಸೇ ಐಯಾಮ್ ಸಾರಿ’, ಅಂದರೆ ಎಂದೆಂದಿಗೂ ಕ್ಷಮೆ ಕೇಳೆನು ಎಂದು. ಪಟ್ಟಿಯಲ್ಲಿ ಆ ಹೆಸರು ಕಂಡಾಗ ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಆದ್ದರಿಂದಲೇ ಈ ಬರಹ.

ಅಪ್ಪಾ, ಈಗ ನಿನಗೆ ನಲವತ್ತೈದು ದಾಟಿರಬೇಕು. ನಿನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ನೀನೇ ಎಂದು ನಿನಗೆ ತಿಳಿಯುತ್ತದೆ. ನಿನ್ನ ಜೊತೆ ಓದಿದವರು ಕೆಲವರು ಈ ಪುಟಕ್ಕೆ ಬರುತ್ತಾರೆ, ಅವರಾದರೂ ತಿಳಿಸಿಯಾರು. ನೀನು ಅಂದು ಹೇಳಿದ್ದು ನಿಜವಾಗಿತ್ತು. ನಿಜವೆಂದು ತಿಳಿದ ಮೇಲೂ ನಾನು ಕೊಡಲಿಲ್ಲ. ನಿನ್ನ ಅಕ್ಕನವರಿಗೂ ಈ ಮಾತು ತಲುಪಿಸು. ಟೇಪು ಇನ್ನು ಹಾಡುವುದಿಲ್ಲ, ಆದರೆ ಡಬ್ಬಿ ಒಡೆದಿಲ್ಲ. ಹಸಿರು ಶಾಯಿಯ ಹೆಸರು ಮಾಸಿಲ್ಲ. ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲೆಯೇ ಇಟ್ಟಿದ್ದೇನೆ, ಈ ಸಲ ಖಾನೆಯೊಳಗಲ್ಲ. ಎಂದು ಬಂದರೂ ಸರಿ, ಕಾಫಿ ಕುಡಿದು ತೆಗೆದುಕೊಂಡು ಹೋಗು. ಬರಲು ಆಗದಿದ್ದರೆ ವಿಳಾಸ ತಿಳಿಸು. ಅಂಚೆ ವೆಚ್ಚ ನನ್ನದು.

ನಿಮ್ಮೆಲ್ಲರ,
ಮೇಷ್ಟ್ರು